ಕೈ ಸೋಕದ ಗಂಟೆ



ಗಂಟೆ ಎಂಬ ಒಂದೇ ಮಾತಿನಿಂದ ನಾವು ದೇವಾಲಯದಲ್ಲಿ ತೂಗುವ ಕಂಚಿನ ಘಂಟೆಯನ್ನೂ ದಿನದ ಇಪ್ಪತ್ತನಾಲ್ಕು ಪಾಲುಗಳಲ್ಲಿ ಒಂದನ್ನೂ ಹೆಸರಿಸುವೆವು. ಗಳಿಗೆ ಬಟ್ಟಲು ನೀರಿನಲ್ಲಿ ಮುಳುಗಿದೊಡನೆ ಗಂಟೆ ಬಾರಿಸಿ ಸುತ್ತಲಿನವರಿಗೆ ಸಾರುತ್ತಿದ್ದ ದಿನಗಳಿಂದಲೂ ಹೊತ್ತಿಗೂ ನಾದಕ್ಕೂ ನಂಟು ಬೆಳೆದುಬಂದಿದೆ. ಆ ನಂಟು ಇಂದಿಗೂ ಹರಿದಿಲ್ಲ. ಕಿವಿಗೆ ನಿಲುಕದಷ್ಟು ಸೂಕ್ಷ್ಮವಾಗಿ ನಮ್ಮ ಮಣಿಕಟ್ಟಿನ ಮೇಲೆಯೇ ಬಂದು ಕುಳಿತಿದೆ. ಸೆಲ್ಲಿನಿಂದ ನಡೆಯುವ ಕೈಗಡಿಯಾರದೊಳಗೆ ಒಂದು ಚೂರು ಕಲ್ಲು ಸೆಕೆಂಡಿಗೆ 32,768 ಸಲ ಕಂಪಿಸುತ್ತ, ಹಗಲಿರುಳೂ ಒಂದೇ ಶ್ರುತಿಯಲ್ಲಿ ಮಿಡಿಯುತ್ತಿರುತ್ತದೆ. ಆ ಕಲ್ಲಿನ ವಿಚಾರವಾಗಿ, ಅದು ಹೊತ್ತನ್ನು ಕಾಯುವ ಬಗೆಯ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಗಡಿಯಾರದ ಸೆಕೆಂಡು ಮುಳ್ಳು ಒಂದು ಬೆಳಗ್ಗೆ ತನ್ನ ನಡಿಗೆಯನ್ನು ಬದಲಾಯಿಸಿಬಿಟ್ಟಿತು. ಸೆಕೆಂಡಿಗೊಂದರಂತೆ ಗೆರೆಯಿಂದ ಗೆರೆಗೆ ಹೆಜ್ಜೆಯಿಡುತ್ತಿದ್ದುದು, ನಾಲ್ಕು ಸೆಕೆಂಡು ಸುಮ್ಮನೆ ನಿಂತು, ಬಳಿಕ ನಾಲ್ಕು ಗೆರೆಗಳನ್ನು ಒಂದೇ ಸಲಕ್ಕೆ ಹಾರತೊಡಗಿತು. ಕೆಟ್ಟಿತೆಂದೇ ಭಾವಿಸಿ, ಪೇಟೆಯಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗೆ ಗಾಜಿನ ಪೆಟ್ಟಿಗೆಯಿಟ್ಟುಕೊಂಡು ನಲವತ್ತು ವರ್ಷಗಳಿಂದ ವಾಚು ರಿಪೇರಿ ಮಾಡಿಕೊಂಡು ಬಂದಿರುವ ಹಿರಿಯರೊಬ್ಬರ ಬಳಿಗೆ ಒಯ್ದೆನು. ಅವರು ಅದನ್ನು ಬಿಚ್ಚುವ ಮೊದಲು ತಮ್ಮ ಗೋಡೆಯ ಗಡಿಯಾರದೊಡನೆ ಹೋಲಿಸಿ ನೋಡಿ, "ಕೆಟ್ಟಿಲ್ಲ ಸ್ವಾಮಿ, ಹಸಿವಾಗಿದೆ ಅಂತ ಹೇಳ್ತಾ ಇದೆ. ಟೈಮ್ ನೋಡಿ, ಸರಿಯಾಗೇ ಇದೆ" ಎಂದರು. ನೋಡಲಾಗಿ ನಿಜವೇ ಆಗಿತ್ತು. ಮುಳ್ಳು ಕುಂಟುತ್ತಿದ್ದರೂ ಹೊತ್ತು ಒಂದು ಸೆಕೆಂಡೂ ತಪ್ಪಿರಲಿಲ್ಲ.

ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ಚಿಮಟದ ತುದಿಯಿಂದ ಅವರು ಒಂದೊಂದನ್ನೇ ತೋರಿಸಿದರು. ಗುಂಡಿಯಂತಹ ಸೆಲ್ಲು, ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದು ಕಾಯಿಲು, ಕಪ್ಪು ಬೊಟ್ಟಿನಂತಹ ಒಂದು ಚಿಪ್ಪು, ಅದರ ಪಕ್ಕದಲ್ಲಿ, ಅಕ್ಕಿಕಾಳಿಗಿಂತ ತುಸು ದಪ್ಪನಾಗಿ, ಬೆಳ್ಳಗೆ ಹೊಳೆಯುತ್ತಿದ್ದ ಒಂದು ಲೋಹದ ಕೊಳವೆ. "ಜೀವ ಇರೋದು ಇದರಲ್ಲಿ. ಮಿಕ್ಕಿದ್ದೆಲ್ಲ ಬಿಚ್ಚಬಹುದು, ಇದನ್ನ ಮಾತ್ರ ಬಿಚ್ಚಕ್ಕಾಗಲ್ಲ, ಗಾಳಿ ಸೋಕಿದರೆ ಕೆಟ್ಟಹಾಗೆ" ಎಂದರು. ಆ ಮಾತಿನಲ್ಲಿ ಎಷ್ಟು ಅರ್ಥವಿದ್ದಿತೆಂಬುದು, ಆಮೇಲೆ ಈ ವಿಷಯವನ್ನು ಓದಿ ತಿಳಿದುಕೊಳ್ಳುತ್ತ ಹೋದಂತೆ ನನಗೆ ಮನವರಿಕೆಯಾಯಿತು.

ದೇವಸ್ಥಾನದ ಗಂಟೆಯನ್ನೊಮ್ಮೆ ಬಾರಿಸಿ ಕೈಬಿಟ್ಟರೆ ಅದರ ಅನುರಣನವು ಬಹಳ ಹೊತ್ತು ಉಳಿಯುವುದನ್ನೂ, ನಾದ ಕ್ಷೀಣಿಸುತ್ತ ಹೋದರೂ ಶ್ರುತಿ ಮಾತ್ರ ಕದಲದಿರುವುದನ್ನೂ ನಾವೆಲ್ಲ ಕೇಳಿದ್ದೇವೆ. ಅದೇ ಗಂಟೆಯ ಅಂಚಿಗೆ ಅಂಗೈಯಿಟ್ಟರೆ ನಾದವು ಆ ಕ್ಷಣವೇ ಅಡಗುತ್ತದೆ. ಕಂಪಿಸುವ ವಸ್ತು ಯಾವುದಾದರೂ ಆಗಲಿ, ಅದನ್ನು ಎಷ್ಟು ಕಡಿಮೆ ಮುಟ್ಟುವೆವೋ ಅಷ್ಟು ಶುದ್ಧವಾಗಿ ಅದು ತನ್ನ ಶ್ರುತಿಯನ್ನು ಉಳಿಸಿಕೊಳ್ಳುತ್ತದೆ. ಕಾಲಮಾಪನದ ಚರಿತ್ರೆಯೆಲ್ಲವೂ ಒಂದು ರೀತಿಯಲ್ಲಿ ಆ ಗಂಟೆಯ ಮೇಲಿನ ಕೈಯನ್ನು ಹಗುರಗೊಳಿಸುತ್ತ ಬಂದ ಚರಿತ್ರೆಯೇ ಎಂದು ನನ್ನ ಎಣಿಕೆ.

ಕೀಲಿಕೊಡುವ ಕೈಗಡಿಯಾರವನ್ನೇ ನೋಡಿರಿ. ಅದರಲ್ಲಿ ಹೊತ್ತನ್ನು ಎಣಿಸುವುದು ಒಂದು ಪುಟ್ಟ ಬ್ಯಾಲೆನ್ಸ್ ಚಕ್ರ. ಕೂದಲೆಳೆಯಂತಹ ಸುರುಳಿ ಸ್ಪ್ರಿಂಗಿನ ಎಳೆತಕ್ಕೆ ಸಿಕ್ಕಿ ಅದು ಅತ್ತಿತ್ತ ತೂಗುತ್ತಿರುತ್ತದೆ. ಬಹುಕಾಲ ರೂಢಿಯಲ್ಲಿದ್ದ ಅಳತೆಯಂತೆ ಸೆಕೆಂಡಿಗೆ ಐದು ಟಿಕ್ಕು, ಎಂದರೆ ಗಂಟೆಗೆ 18,000. ಆದರೆ ಆ ಚಕ್ರ ಸುಮ್ಮನೆ ತೂಗುತ್ತಿರುವಂತಿಲ್ಲ. ಪ್ರತಿಯೊಂದು ಟಿಕ್ಕಿನಲ್ಲಿಯೂ ಅದು ಮುಂದಿನ ಹಲ್ಲುಚಕ್ರದ ಒಂದು ಹಲ್ಲನ್ನು ಬಿಡಿಸಿಕೊಡಬೇಕು, ಆ ಹಲ್ಲಿನಿಂದ ಒಂದು ನೂಕನ್ನು ತಾನೂ ಪಡೆಯಬೇಕು. ಎಣಿಸುವವನೂ ಅವನೇ, ದುಡಿಯುವವನೂ ಅವನೇ. ಗಂಟೆಗೆ ಹದಿನೆಂಟು ಸಾವಿರ ಸಲ ಘಂಟೆಯ ಮೇಲೆ ಕೈಯಿಟ್ಟು ತೆಗೆದಂತೆ ಇದು. ಕೀಲಿಕೊಟ್ಟ ಬೆಳಗಿನ ಬಲ ಸಂಜೆಗಿಲ್ಲ. ಎಣ್ಣೆ ಕಾಲಕ್ರಮದಲ್ಲಿ ಮಂದವಾಗುತ್ತದೆ. ಮಲಗಿಸಿಟ್ಟ ಗಡಿಯಾರದ ಗತಿ ಒಂದಾದರೆ ನಿಲ್ಲಿಸಿಟ್ಟುದರ ಗತಿ ಮತ್ತೊಂದು. ಇಷ್ಟೆಲ್ಲ ಕಾಟವನ್ನು ಸಹಿಸಿಕೊಂಡೂ ಅದು ಹೊತ್ತನ್ನು ಅಷ್ಟು ಸಮೀಪದಿಂದ ಹಿಂಬಾಲಿಸುತ್ತಿದ್ದುದು ಕುಶಲಕರ್ಮಿಗಳ ಕೈಚಳಕವಲ್ಲದೆ ಬೇರಲ್ಲ, ಅದಕ್ಕೆ ನಾವು ತಲೆಬಾಗಲೇಬೇಕು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಗಳಿಗೆಯೆಂದರೆ 24 ಮಿನಿಟು, ಅದರ ಅರುವತ್ತನೆಯ ಒಂದಂಶವಾದ ವಿಗಳಿಗೆಯೆಂದರೆ 24 ಸೆಕೆಂಡು. ಸಾಮಾನ್ಯದ ಕೀಲಿ ಗಡಿಯಾರವು ದಿನಕ್ಕೆ ಒಂದು ವಿಗಳಿಗೆಯೊಳಗೆ ತಪ್ಪಿದರೆ ಒಳ್ಳೆಯದೆನಿಸಿಕೊಳ್ಳುತ್ತಿತ್ತು. ಸೆಲ್ಲಿನ ಗಡಿಯಾರವು ತಿಂಗಳಿಗೆ ಒಂದು ವಿಗಳಿಗೆ ತಪ್ಪಿದರೆ ಅದು ತೀರ ಸಾಧಾರಣ.

ಈ ಅಂತರಕ್ಕೆ ಕಾರಣವಾದ ಕಲ್ಲು ಎಲ್ಲಿಯದು? ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬೆಳ್ಳಗೆ ಬಿದ್ದಿರುವ ಬೆಣಚುಕಲ್ಲನ್ನು ಕಾಣದ ಹಳ್ಳಿಯ ಮಗು ಇರಲಾರದು. ಕತ್ತಲ ಮೂಲೆಯಲ್ಲಿ ಕುಳಿತು ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಉಜ್ಜಿದರೆ ಒಳಗಿನಿಂದ ಮಂಕಾದ ಬೆಳಕೊಂದು ಮೂಡಿ ಮಾಯವಾಗುವುದನ್ನೂ, ಕಲ್ಲನ್ನು ಮೂಸಿದರೆ ಸುಟ್ಟ ವಾಸನೆ ಬರುವುದನ್ನೂ ನಾನು ಬಾಲ್ಯದಲ್ಲಿ ಮೈಮರೆತು ನೋಡಿದವನು. ಆ ಬೆಣಚುಕಲ್ಲೇ ಕಲ್ಮಷವಿಲ್ಲದೆ, ಆರು ಮೂಲೆಯ ಕಂಬವಾಗಿ, ನೀರಿನಂತೆ ತಿಳಿಯಾಗಿ ಬೆಳೆದಾಗ ಅದನ್ನು ಸ್ಫಟಿಕವೆನ್ನುವೆವು, ಜಪಸರವಾಗಿ ಪೋಣಿಸುವೆವು. ಒಂದು ಪಾಲು ಸಿಲಿಕಾನಿಗೆ ಎರಡು ಪಾಲು ಆಮ್ಲಜನಕ ಸೇರಿ ಆದ ವಸ್ತುವದು, ಮರಳಿನ ಒಡಹುಟ್ಟು. ಗಡಿಯಾರಕ್ಕೆ ಬೇಕಾದ ಸ್ಫಟಿಕವನ್ನು ಈಗ ನೆಲದಿಂದ ಅಗೆಯುವುದಿಲ್ಲ. ದಪ್ಪ ಗೋಡೆಯ ಉಕ್ಕಿನ ಪಾತ್ರೆಯೊಳಗೆ ಕ್ಷಾರಜಲದಲ್ಲಿ ಸ್ಫಟಿಕದ ಚೂರುಗಳನ್ನು ಕರಗಿಸಿ, ಸುಮಾರು 350 ಡಿಗ್ರಿ ಶಾಖದಲ್ಲಿ, ವಾಯುಮಂಡಲದ ಒತ್ತಡಕ್ಕೆ ಸಾವಿರ ಮಡಿಗೂ ಮೀರಿದ ಒತ್ತಡದಲ್ಲಿ, ಒಂದು ಬೀಜದ ಸ್ಫಟಿಕದ ಸುತ್ತ ವಾರಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯಿಸುತ್ತಾರೆ. ಭೂಗರ್ಭದಲ್ಲಿ ನಡೆಯತಕ್ಕ ವ್ಯಾಪಾರವನ್ನೇ ಪಾತ್ರೆಯಲ್ಲಿ ನಡೆಯಿಸುವ ಕೃಷಿಯಿದು.

ಸ್ಫಟಿಕದ ಗುಟ್ಟನ್ನು ಪ್ಯಾರಿಸ್ ನಗರದಲ್ಲಿ 1880ರಲ್ಲಿ ಕಂಡುಕೊಂಡವರು ಜಾಕ್ ಕ್ಯೂರಿ ಮತ್ತು ಪಿಯೇರ್ ಕ್ಯೂರಿ ಎಂಬ ಅಣ್ಣತಮ್ಮಂದಿರು. ಪಿಯೇರನಿಗೆ ಆಗ ಇಪ್ಪತ್ತೊಂದು ವರ್ಷ. ತಕ್ಕ ದಿಕ್ಕಿನಲ್ಲಿ ಕತ್ತರಿಸಿದ ಸ್ಫಟಿಕದ ಫಲಕವನ್ನು ಒತ್ತಿದರೆ ಅದರ ಮುಖಗಳ ಮೇಲೆ ವಿದ್ಯುತ್ತು ತಲೆದೋರುವುದೆಂದು ಅವರು ತೋರಿಸಿಕೊಟ್ಟರು. ಮರುವರ್ಷ ಲಿಪ್‌ಮನ್ ಎಂಬ ವಿದ್ವಾಂಸನು, ಒತ್ತಿದರೆ ವಿದ್ಯುತ್ತು ಹುಟ್ಟುವುದಾದರೆ ವಿದ್ಯುತ್ತನ್ನು ಹಾಯಿಸಿದರೆ ಕಲ್ಲು ಮಿಸುಕಲೇಬೇಕೆಂದು ಗಣಿತದಿಂದ ಊಹಿಸಿದನು. ಸೋದರರು ಅದನ್ನೂ ಪ್ರಯೋಗದಿಂದ ಸ್ಥಾಪಿಸಿದರು. ಮುಂದೆ ಮೇರಿ ಕ್ಯೂರಿಯವರು ವಿಕಿರಣಶೀಲ ಧಾತುಗಳನ್ನು ಅರಸುತ್ತಿದ್ದಾಗ ಅತ್ಯಲ್ಪವಾದ ವಿದ್ಯುತ್ತನ್ನು ತೂಗಿ ನೋಡಿದ ತಕ್ಕಡಿ ಈ ಸ್ಫಟಿಕವೇ ಎಂಬುದನ್ನು ಇಲ್ಲಿಯೇ ಸ್ಮರಿಸಿಕೊಳ್ಳುವುದು ನನಗೆ ಪ್ರಿಯವಾದ ವಿಷಯ. ಇದೆಲ್ಲ ಪ್ರಯೋಗಶಾಲೆಯ ಮಾತೆಂದು ತೋರಬಹುದು. ಆದರೆ ನಮ್ಮ ಅಡಿಗೆಮನೆಗಳಲ್ಲಿ ಗ್ಯಾಸ್ ಒಲೆ ಹೊತ್ತಿಸುವ ಲೈಟರನ್ನು ಹೆಬ್ಬೆರಳಿನಿಂದ ಒತ್ತಿದಾಗ ಟಕ್ಕೆಂದು ಕಿಡಿ ಹಾರುವುದಷ್ಟೆ? ಅದರಲ್ಲಿ ಸೆಲ್ಲಿಲ್ಲ, ತಂತಿಯ ಸಂಪರ್ಕವಿಲ್ಲ. ಒಳಗೊಂದು ಪುಟ್ಟ ಸುತ್ತಿಗೆ ಪಿಂಗಾಣಿಯ ಜಾತಿಯ ಬಿಲ್ಲೆಯೊಂದನ್ನು ಬಡಿಯುತ್ತದೆ. ಆ ಏಟೇ ವಿದ್ಯುತ್ತಾಗುತ್ತದೆ. ವಸ್ತು ಬೇರೆಯಾದರೂ ಗುಣ ಇದೇ.

ಕೈಗಡಿಯಾರದಲ್ಲಿ ಈ ಸ್ಫಟಿಕವನ್ನು ಶ್ರುತಿಕವೆಯ ಆಕಾರದಲ್ಲಿ ಕೊರೆದಿರುತ್ತಾರೆ. ಶಾಲೆಯ ಪ್ರಯೋಗಶಾಲೆಯಲ್ಲಿ ರಬ್ಬರು ದಿಮ್ಮಿಗೆ ಬಡಿದು ಕಿವಿಯ ಬಳಿ ಹಿಡಿಯುವ ಇಕ್ಕವಲಿನ ಉಕ್ಕಿನ ಕವೆಯ ನೆನಪು ಹಲವರಿಗಿರಬಹುದು. ಅದನ್ನು ಕೆಲವೇ ಮಿಲಿಮೀಟರಿನ ಉದ್ದಕ್ಕೆ ಕುಗ್ಗಿಸಿದಂತೆ ಇದು. ಆ ಆಕಾರವನ್ನೇ ಆಯ್ದುದರಲ್ಲಿ ಒಂದು ಮರ್ಮವಿದೆ. ಕವೆಯ ಎರಡು ಭುಜಗಳು ಒಟ್ಟಿಗೆ ಸಮೀಪಿಸಿ ಒಟ್ಟಿಗೆ ದೂರ ಸರಿಯುವುದರಿಂದ ಒಂದರ ಎಳೆತವನ್ನು ಇನ್ನೊಂದರ ಎಳೆತ ಕಳೆದುಹಾಕಿ, ಬುಡವು ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ. ಆದುದರಿಂದ ಬುಡವನ್ನು ಭದ್ರವಾಗಿ ಹಿಡಿದರೂ ಭುಜಗಳ ಕಂಪನ ಹಿಡಿದ ಕೈಗೆ ಸೋರಿಹೋಗುವುದಿಲ್ಲ. ಘಂಟೆಯನ್ನು ಹಿಡಿದೂ ಹಿಡಿಯದಂತಿರುವ ಉಪಾಯವಿದು. ಸುತ್ತಲಿನ ಗಾಳಿಯ ತಡೆಯೂ ಬೇಡವೆಂದು ಆ ಕೊಳವೆಯೊಳಗಿನ ಗಾಳಿಯನ್ನು ಹೀರಿ ತೆಗೆದು ಮುಚ್ಚಿರುತ್ತಾರೆ. ರಿಪೇರಿಯ ಹಿರಿಯರು ಹೇಳಿದ ಮಾತು ಇದೇ.

ಕವೆಯ ಶ್ರುತಿಯನ್ನು ಸರಿಪಡಿಸುವ ಕ್ರಮವಂತೂ ಸಂಗೀತಗಾರರನ್ನು ನೆನಪಿಗೆ ತರುವಂತಹುದು. ಮೃದಂಗದ ಎಡಮುಖಕ್ಕೆ ರವೆಯ ಮುದ್ದೆಯನ್ನು ಮೆತ್ತಿದರೆ ಭಾರ ಹೆಚ್ಚಿ ಶ್ರುತಿ ಇಳಿಯುತ್ತದೆ. ಮುದ್ದೆಯನ್ನು ತೆಗೆದರೆ ಏರುತ್ತದೆ. ಇಲ್ಲಿಯೂ ಭುಜಗಳ ತುದಿಗೆ ಲೋಹದ ಲೇಪವೊಂದನ್ನು ಬೇಕೆಂದೇ ತುಸು ಹೆಚ್ಚಾಗಿ ಹಚ್ಚಿ, ಲೇಸರ್ ಕಿರಣದಿಂದ ಅದನ್ನು ಕಣಕಣವಾಗಿ ಸುಟ್ಟು ತೆಗೆಯುತ್ತ, ಕಂಪನವು 32,768ಕ್ಕೆ ಬಂದು ನಿಂತೊಡನೆ ಕೈ ನಿಲ್ಲಿಸುತ್ತಾರೆ.

ಹಾಗೆಂದು ಸ್ಫಟಿಕವು ಯಾವುದಕ್ಕೂ ಜಗ್ಗದ ಸ್ಥಿತಪ್ರಜ್ಞನಲ್ಲ; ಶಾಖಕ್ಕೆ ಅದು ಮಣಿಯುತ್ತದೆ. 25 ಡಿಗ್ರಿಯ ಸುಮಾರಿನಲ್ಲಿ ಕಂಪನ ಅತ್ಯಂತ ವೇಗವಾಗಿರುವಂತೆ ಅದನ್ನು ಕತ್ತರಿಸಿರುತ್ತಾರಾಗಿ, ಅಲ್ಲಿಂದ ಬಿಸಿಯೇರಿದರೂ ತಣ್ಣಗಾದರೂ ಗಡಿಯಾರ ನಿಧಾನವಾಗುತ್ತದೆಯೇ ಹೊರತು ವೇಗವಾಗುವುದಿಲ್ಲ. ಹತ್ತು ಡಿಗ್ರಿಯ ಅಂತರಕ್ಕೆ ದಿನಕ್ಕೆ 0.3 ಸೆಕೆಂಡು, ಇಪ್ಪತ್ತು ಡಿಗ್ರಿಗಾದರೆ ಅದರ ನಾಲ್ಕು ಪಟ್ಟು. ರಾಯಚೂರಿನ ಬೇಸಗೆಯಲ್ಲಿ 40 ಡಿಗ್ರಿ ಕಾಯ್ದ ಕೋಣೆಯ ಗೋಡೆಯ ಗಡಿಯಾರ, ದಿನವೆಲ್ಲ ಕಾವು ಹಾಗೆಯೇ ಇದ್ದರೆ, ಮುಕ್ಕಾಲು ಸೆಕೆಂಡಿನ ಹತ್ತಿರ ಹಿಂದೆ ಬೀಳುತ್ತದೆ. ಕೈಗೆ ಕಟ್ಟಿದ ಗಡಿಯಾರಕ್ಕೆ ಈ ಕಷ್ಟ ಕಡಿಮೆ. ಹೊರಗೆ ಚಳಿಯಿರಲಿ ಸೆಕೆಯಿರಲಿ, ನಮ್ಮ ಮೈಯ ಬಿಸಿ ಅದನ್ನು ಒಂದೇ ಹದದಲ್ಲಿ ಕಾಪಾಡುತ್ತಿರುತ್ತದೆ. ರಾತ್ರಿ ಬಿಚ್ಚಿ ಮೇಜಿನ ಮೇಲಿಟ್ಟುದಕ್ಕಿಂತ ಕೈಮೇಲಿದ್ದಾಗಲೇ ಅದು ಹೆಚ್ಚು ಸಮವಾಗಿ ನಡೆಯುವುದೆಂಬುದನ್ನು ತಿಳಿದ ದಿನ ನನಗೆ, ನಾವು ಅದನ್ನು ನಂಬಿರುವಷ್ಟೇ ಅದೂ ನಮ್ಮನ್ನು ನಂಬಿದೆಯೆಂದು ಸಂತೋಷವಾಯಿತು.

ಇನ್ನು ಕಪ್ಪು ಚಿಪ್ಪಿನ ಕೆಲಸ. ಅದಕ್ಕೆ ಎರಡು ಹೊಣೆಗಳಿವೆ. ಮೊದಲನೆಯದು, ಸ್ಫಟಿಕದ ಕಂಪನ ಆರದಂತೆ ನೋಡಿಕೊಳ್ಳುವುದು. ಕಂಪಿಸುವ ಸ್ಫಟಿಕ ತನ್ನ ಮೈಮೇಲೆ ತಾನೇ ವಿದ್ಯುತ್ತನ್ನು ತೋರುವುದರಿಂದ, ಅದರ ಲಯ ಯಾವುದೆಂಬುದನ್ನು ಅದೇ ಹೇಳಿಕೊಡುತ್ತದೆ. ಚಿಪ್ಪು ಆ ಲಯಕ್ಕೆ ಸರಿಯಾಗಿ, ಕಳೆದುಹೋದಷ್ಟನ್ನು ಮಾತ್ರ ಸೆಲ್ಲಿನಿಂದ ತಂದು ತುಂಬುತ್ತದೆ. ನಂದಾದೀಪಕ್ಕೆ ಹನಿಹನಿಯಾಗಿ ಎಣ್ಣೆ ಬಿಡುವ ಹಾಗೆ. ಎರಡನೆಯದು ಎಣಿಕೆ. ಹದಿನೈದು ಬಾಗಿಲುಗಳಿರುವ ಒಂದು ದೇವಾಲಯವನ್ನು ಕಲ್ಪಿಸಿಕೊಳ್ಳಿರಿ. ಪ್ರತಿಯೊಂದು ಬಾಗಿಲಿನಲ್ಲಿಯೂ ಒಬ್ಬ ದ್ವಾರಪಾಲಕ. ಬಂದವರಲ್ಲಿ ಒಬ್ಬರನ್ನು ತಡೆದು ಮರುಬರುವವರನ್ನು ಒಳಗೆ ಬಿಡುವುದಷ್ಟೇ ಅವನಿಗೆ ತಿಳಿದಿರುವ ಲೆಕ್ಕ. ಮೊದಲ ಬಾಗಿಲಿಗೆ ಬಂದ 32,768 ಜನರಲ್ಲಿ 16,384 ಜನ ಒಳಹೊಕ್ಕರೆ, ಎರಡನೆಯದರಲ್ಲಿ 8,192, ಮೂರನೆಯದರಲ್ಲಿ 4,096. ಹೀಗೆ ಅರ್ಧರ್ಧವಾಗುತ್ತ ಹದಿನೈದನೆಯ ಬಾಗಿಲನ್ನು ದಾಟುವಾತ ಒಬ್ಬನೇ. ಗರ್ಭಗುಡಿಯನ್ನು ಮುಟ್ಟುವ ಆ ಒಬ್ಬನೇ ನಮ್ಮ ಸೆಕೆಂಡು. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆಯಾದುದರಿಂದಲೇ 32,768ನ್ನು ಆಯ್ದುಕೊಂಡರು. ಕಂಪನ ಇದಕ್ಕಿಂತ ತೀರ ಮಂದವಾದರೆ ಕವೆ ದೊಡ್ಡದಾಗಬೇಕಾಗುತ್ತದೆ, ತೀರ ಚುರುಕಾದರೆ ಸೆಲ್ಲು ಬೇಗ ಬರಿದಾಗುತ್ತದೆ. ಇಲ್ಲಿಯಾದರೋ ಸುಮಾರು ಇಪ್ಪತ್ತು ಸಾವಿರ ಕಂಪನದ ಆಚೆಯದನ್ನು ಕೇಳಲಾರದ ನಮ್ಮ ಕಿವಿಗೂ ಉಪದ್ರವವಿಲ್ಲ.

ಸೆಕೆಂಡಿಗೊಮ್ಮೆ ಬರುವ ಆ ಮಿಡಿತ ಕಾಯಿಲಿಗೆ ಹೋಗುತ್ತದೆ. ಕಾಯಿಲು ಕ್ಷಣಮಾತ್ರ ಅಯಸ್ಕಾಂತವಾಗಿ, ಎಳ್ಳುಕಾಳಿನಷ್ಟಿರುವ ಇನ್ನೊಂದು ಅಯಸ್ಕಾಂತವನ್ನು ಅರ್ಧ ಸುತ್ತು ತಿರುಗಿಸುತ್ತದೆ. ಮುಂದಿನ ಸೆಕೆಂಡಿನಲ್ಲಿ ವಿದ್ಯುತ್ತು ಎದುರು ದಿಕ್ಕಿನಿಂದ ಹರಿದು ಇನ್ನರ್ಧ ಸುತ್ತನ್ನು ಪೂರೈಸುತ್ತದೆ. ಈ ಬಗೆಯ ಮೋಟಾರನ್ನು ಫ್ರಾನ್ಸಿನ ಮಾರಿಯುಸ್ ಲಾವೆ ಎಂಬ ಎಂಜಿನಿಯರು 1936ರಲ್ಲಿಯೇ ರೂಪಿಸಿದ್ದನು. ಚಕ್ರಗಳು ಆ ಅರ್ಧ ಸುತ್ತನ್ನು ಮೂವತ್ತು ಪಾಲು ಮಾಡಿ ಮುಳ್ಳನ್ನು ಆರು ಡಿಗ್ರಿ, ಎಂದರೆ ಒಂದು ಗೆರೆ, ಮುಂದೆ ಸರಿಸುತ್ತವೆ. ಸೆಕೆಂಡಿನ ಸಾವಿರ ಪಾಲುಗಳಲ್ಲಿ ಕೆಲವೇ ಪಾಲುಗಳ ದುಡಿಮೆ. ಮಿಕ್ಕ ಹೊತ್ತೆಲ್ಲ ವಿಶ್ರಾಂತಿ. ಒಂದೂವರೆ ವೋಲ್ಟಿನ ಗುಂಡಿಯಷ್ಟು ಸೆಲ್ಲು ಎರಡೆರಡು ವರ್ಷ ಬಾಳುವುದು ಹೀಗೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕೀಲಿ ಗಡಿಯಾರದಲ್ಲಿ ಬಲವು ಸ್ಪ್ರಿಂಗಿನಿಂದ ಹೊರಟು, ಚಕ್ರದಿಂದ ಚಕ್ರಕ್ಕೆ ಹರಿದು, ಕಟ್ಟಕಡೆಗೆ ಹೊತ್ತೆಣಿಸುವ ಬ್ಯಾಲೆನ್ಸನ್ನು ಮುಟ್ಟುತ್ತಿತ್ತು. ದಾರಿಯ ಕೊಳೆಯೆಲ್ಲವೂ ಅದರ ಪಾಲಿಗೇ ಬರುತ್ತಿತ್ತು. ಸ್ಫಟಿಕದ ಗಡಿಯಾರದಲ್ಲಿ ಪ್ರವಾಹ ತಿರುಗಿದೆ. ಆಜ್ಞೆ ಸ್ಫಟಿಕದಿಂದ ಹೊರಟು ಮುಳ್ಳಿನ ಕಡೆಗೆ ಹರಿಯುತ್ತದೆ. ಮುಳ್ಳಿನ ಆಯಾಸ ಹಿಂದಿರುಗಿ ಸ್ಫಟಿಕವನ್ನು ತಲುಪುವ ದಾರಿಯೇ ಇಲ್ಲ. ನನ್ನ ಗಡಿಯಾರ ಕುಂಟುತ್ತಿದ್ದಾಗಲೂ ಹೊತ್ತು ತಪ್ಪದಿದ್ದುದಕ್ಕೆ ಕಾರಣ ಇದೇ. ಸೆಲ್ಲಿನ ಬಲ ಕುಗ್ಗಿದುದನ್ನು ಚಿಪ್ಪು ಅರಿತು, ನಾಲ್ಕು ಮಿಡಿತಗಳನ್ನು ಕೂಡಿಟ್ಟು ಒಟ್ಟಿಗೆ ಕಳಿಸಿ ನನಗೆ ಸೂಚನೆ ಕೊಡುತ್ತಿದ್ದಾಗ, ಕೊಳವೆಯೊಳಗಿನ ಕಲ್ಲು ಏನೂ ಆಗದವರಂತೆ ತನ್ನ ಶ್ರುತಿಯಲ್ಲಿಯೇ ಇದ್ದಿತು.

ಇಷ್ಟು ಚಿಕ್ಕದಾಗಿ ಕೈಗೆ ಬರುವ ಮೊದಲು ಈ ಯಂತ್ರ ಬೀರುವಿನಷ್ಟು ದೊಡ್ಡದಿತ್ತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಾರನ್ ಮ್ಯಾರಿಸನ್ ಮತ್ತು ಹಾರ್ಟನ್ ಎಂಬುವರು 1927ರಲ್ಲಿ ಮೊದಲ ಸ್ಫಟಿಕ ಗಡಿಯಾರವನ್ನು ನಿರ್ಮಿಸಿದಾಗ ಅವರಿಗೆ ಬೇಕಾಗಿದ್ದುದು ಹೊತ್ತಲ್ಲ, ದೂರವಾಣಿ ಮತ್ತು ಬಾನುಲಿಯ ಕೆಲಸಕ್ಕೆ ಕದಲದ ಆವರ್ತನ. ಆದರೆ ಅಂತಹ ಗಡಿಯಾರಗಳು ಬಂದ ಮೇಲೆ ಒಂದು ಅಚ್ಚರಿ ಕಾದಿತ್ತು. ಬರ್ಲಿನ್ನಿನಲ್ಲಿ ಷೈಬೆ ಮತ್ತು ಆಡೆಲ್ಸ್‌ಬರ್ಗರ್ ಎಂಬ ವಿಜ್ಞಾನಿಗಳು ಮೂವತ್ತರ ದಶಕದಲ್ಲಿ ತಮ್ಮ ಸ್ಫಟಿಕ ಗಡಿಯಾರಗಳನ್ನು ಆಕಾಶದ ನಕ್ಷತ್ರಗಳೊಡನೆ ಹೋಲಿಸಿ ನೋಡಿ, ಋತುವಿನಿಂದ ಋತುವಿಗೆ ತುಸು ತುಸುವೇ ಹೆಚ್ಚುಕಡಿಮೆಯಾಗುತ್ತಿರುವುದು ಗಡಿಯಾರದ ಗತಿಯಲ್ಲ, ಭೂಮಿಯ ಭ್ರಮಣವೇ ಎಂಬ ನಿರ್ಣಯಕ್ಕೆ ಬಂದರು. ಅನಾದಿಯಿಂದ ಯಾವುದನ್ನು ಆಧಾರವಾಗಿಟ್ಟುಕೊಂಡು ಎಲ್ಲ ಗಡಿಯಾರಗಳನ್ನೂ ತಿದ್ದುತ್ತಿದ್ದೆವೋ ಆ ಭೂಮಿಯನ್ನೇ ಬೆಣಚುಕಲ್ಲಿನ ಒಂದು ಚೂರು ತಿದ್ದಿಹೇಳಿತು! ಇದನ್ನು ನೆನೆದಾಗಲೆಲ್ಲ ನನಗೆ ಮೈ ಪುಳಕಗೊಳ್ಳುತ್ತದೆ.

ಅದನ್ನು ಮಣಿಕಟ್ಟಿಗೆ ತರುವ ಸಾಹಸದಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್ಲಿನ ಸಂಶೋಧಕರೂ ಜಪಾನಿನವರೂ ಏಕಕಾಲದಲ್ಲಿ ತೊಡಗಿದ್ದರು. ಮೊದಲ ಮಾದರಿ 1967ರಲ್ಲಿ ನ್ಯೂಷಾಟೆಲ್ಲಿನಲ್ಲಿ ನಡೆಯಿತು. ಅಂಗಡಿಗೆ ಮೊದಲು ಬಂದುದು ಸೈಕೋ ಸಂಸ್ಥೆಯ ಆಸ್ಟ್ರಾನ್, 1969ರ ಡಿಸೆಂಬರ್ 25ರಂದು ಟೋಕಿಯೋದಲ್ಲಿ. ಚಿನ್ನದ ಕವಚದ ಆ ಗಡಿಯಾರದ ಬೆಲೆ 4,50,000 ಯೆನ್, ಅಂದಿನ ಒಂದು ಸಣ್ಣ ಕಾರಿನ ಬೆಲೆ. ಅದರ ಸ್ಫಟಿಕದ ಕಂಪನ 8,192. ತಿಂಗಳಿಗೆ ಐದು ಸೆಕೆಂಡಿಗಿಂತ ಹೆಚ್ಚು ತಪ್ಪದೆಂಬ ಭರವಸೆ. ನಮ್ಮಲ್ಲಿ 1961ರಿಂದ ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆ ಸಿಟಿಜನ್ ಸಂಸ್ಥೆಯ ಸಹಕಾರದೊಡನೆ ಕೀಲಿ ಗಡಿಯಾರಗಳನ್ನು ಮನೆಮನೆಗೂ ತಲುಪಿಸಿದ್ದಿತು. ಸ್ಫಟಿಕದ ಗಡಿಯಾರಗಳು ಎಲ್ಲರ ಕೈಗೂ ಬಂದುದು ಎಂಬತ್ತರ ದಶಕದಲ್ಲಿ, ಅದರಲ್ಲಿಯೂ ಹೊಸೂರಿನಲ್ಲಿ ಟೈಟಾನ್ ಕಾರ್ಖಾನೆ ನೆಲೆಗೊಂಡ ಮೇಲೆ.

ಬಾನುಲಿಯಲ್ಲಿ ನೀವೀಗ ಕೇಳುತ್ತಿರುವ ಈ ಧ್ವನಿಗೂ ಆ ಕಲ್ಲಿಗೂ ಸಂಬಂಧವಿದೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಸೆಕೆಂಡಿಗೆ ಆರು ಲಕ್ಷದ ಹನ್ನೆರಡು ಸಾವಿರ ಕಂಪನ. ಬಾನುಲಿ ಕೇಂದ್ರದ ಪ್ರೇಷಕಗಳು ತಮ್ಮ ತರಂಗದಿಂದ ಅತ್ತಿತ್ತ ಜಾರಿ ನೆರೆಯ ನಿಲಯದ ಮೇಲೆ ಬೀಳದಂತೆ ಹಿಡಿದಿಟ್ಟಿರುವುದು ಸ್ಫಟಿಕವೇ.

ವಾರ್ತೆಗೆ ಮುನ್ನ ಹೊತ್ತಿನ ಸಂಕೇತ ಕೇಳಿಬಂದಾಗ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಿರಿ. ಸೆಕೆಂಡು ಮುಳ್ಳು ಹನ್ನೆರಡರ ಮೇಲೆ ಬಂದಾಗ ಗಡಿಯಾರದ ಪಕ್ಕದ ತಿರುಪನ್ನು ಹೊರಗೆಳೆಯಿರಿ. ಮುಳ್ಳು ನಿಲ್ಲುತ್ತದೆ. ಮಿನಿಟು ಮುಳ್ಳನ್ನು ಸರಿಯಾದ ಗೆರೆಗೆ ತಂದು ಕಾಯಿರಿ. ಕಡೆಯ ಸಂಕೇತ ಕಿವಿಗೆ ಬಿದ್ದೊಡನೆ ತಿರುಪನ್ನು ಒಳಗೊತ್ತಿರಿ. ಬಹುಪಾಲು ಗಡಿಯಾರಗಳಲ್ಲಿ, ಒತ್ತಿದ ಕ್ಷಣದಿಂದ ಸರಿಯಾಗಿ ಒಂದು ಸೆಕೆಂಡು ಕಳೆದ ಮೇಲೆ ಮುಳ್ಳು ಮೊದಲ ಹೆಜ್ಜೆಯಿಡುತ್ತದೆ. ನೀವು ತಿರುಪು ಹಿಡಿದು ಕಾಯುತ್ತಿದ್ದಷ್ಟು ಹೊತ್ತೂ ಹದಿನೈದು ದ್ವಾರಪಾಲಕರು ಎಣಿಕೆಯನ್ನು ಅಳಿಸಿ ಮೊದಲಿನಿಂದ ಎಣಿಸಲು ಸಿದ್ಧರಾಗಿ ನಿಂತಿದ್ದರು. ಒಳಗೆ ಕತ್ತಲೆಯ, ಗಾಳಿಯಿಲ್ಲದ ಆ ಕೊಳವೆಯಲ್ಲಿ ಕವೆ ಮಾತ್ರ, ಎಣಿಸುವವರು ಯಾರೂ ಇಲ್ಲದೆ, ಮಿಡಿಯುತ್ತಲೇ ಇದ್ದಿತು.